ಕೌದಿಯ ಪದರು ಜಾರದಿರಲು ಚಮಚ, ಕ್ಲಿಪ್ಪು, ಪೈಪಿನ ತುಂಡು

ಹೊಲಿದು ಮುಗಿಸಿದ ಕೌದಿಯನ್ನು ತಿರುವಿ ಹಾಕಿದಾಗ ಹಿಂಬದಿಯಲ್ಲಿ ನೆರಿಗೆ ಕಂಡರೆ, ಅದು ಕಚ್ಚಾ ಹೊಲಿಗೆಯ (ಪಕ್ಕಾ ಹೊಲಿಗೆಗೆ ಮುನ್ನ ಪದರುಗಳನ್ನು ತಾತ್ಕಾಲಿಕವಾಗಿ ಹಿಡಿಸುವ ಉದ್ದ ಟಾಕೆಯ) ಹೊತ್ತಿಗೇ ಬಿದ್ದದ್ದು ಎಂದು ತಿಳಿಯಬೇಕು. ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ರೂಢಿಯವರಿಗೆ ಈ ಕಾಟ ಹೆಚ್ಚು. ಸಡಿಲ ಬಟ್ಟೆಯೆಲ್ಲ ಒಳಕ್ಕೆ ಸರಿಯುತ್ತ ಹೋಗಿ ನಡುವೆ ಸಿಕ್ಕಿಬೀಳುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬೇಸಿಗೆಯಲ್ಲಿ ಕೌದಿಗೆ ಕೂರುವವರು ಇದನ್ನು ತಪ್ಪಿಸಲು ಅಂಗಡಿಯಿಂದ ಹೆಚ್ಚೇನೂ ತರಬೇಕಿಲ್ಲ. ಇಲ್ಲಿನ ಲೆಕ್ಕವೆಲ್ಲ 5×7 ಅಡಿಯ ಕೌದಿಗೆ.

ಮೊದಲು ಬಟ್ಟೆ. ಹಿಂಬದಿಯ ಬಟ್ಟೆ ನಾಲ್ಕೂ ಕಡೆ 3 ಇಂಚು ಹೆಚ್ಚಿರಲಿ, ಅಂದರೆ 5½×7½ ಅಡಿ. ಹಳೆಯ ಒಂಬತ್ತು ಗಜದ ಸೀರೆಯಿಂದ 7½ ಅಡಿಯ ಮೂರು ತುಂಡು ಬರುತ್ತವೆ. ಎರಡನ್ನು ಅಗಲಕ್ಕೆ ಜೋಡಿಸಿ ಕತ್ತರಿಸಿದರೆ ಹಿಂಬದಿಯಾಯಿತು, ಮೂರನೆಯದು ಒಳಪದರಿಗೆ. ಒಳಗೆ ಹಳೆಯ ಸೊಲ್ಲಾಪುರಿ ಚಾದರ ಹಾಕುವುದಾದರೆ ಒಂದೇ ಸಾಕು. ಎರಡಾದರೆ ದಬ್ಬಣ ಇಳಿಯುವುದಿಲ್ಲ, ಒಗೆದಾಗ ಹಿಂಡಲೂ ಆಗುವುದಿಲ್ಲ. ಹೊಸ ಬಟ್ಟೆ ಸೇರಿಸುವಿರಾದರೆ ಮೊದಲೇ ಒಗೆದು ಇಸ್ತ್ರಿ ಮಾಡಿಕೊಳ್ಳಿ. ಇಲ್ಲವಾದರೆ ಮೊದಲ ಒಗೆತಕ್ಕೇ ಅದೊಂದು ಪದರು ಕುಗ್ಗಿ ಉಳಿದವನ್ನು ಎಳೆಯುತ್ತದೆ.

ಇನ್ನು ಹಾಸುವ ಜಾಗ. ನುಣುಪಾದ ಟೈಲ್ಸ್ ಅಥವಾ ಪಾಲಿಶ್ ಮಾಡಿದ ಶಹಾಬಾದಿ ಫರಸಿಯಾದರೆ ಪೇಂಟರುಗಳು ಬಳಸುವ ಕಾಗದದ ಟೇಪು ಚೆನ್ನಾಗಿ ಹಿಡಿಯುತ್ತದೆ. ಒರಟು ಫರಸಿಗೆ, ಸಾರಿಸಿದ ನೆಲಕ್ಕೆ ಯಾವ ಟೇಪೂ ನಿಲ್ಲದು. ಅಲ್ಲಿ ತಾಡಪತ್ರಿ ಹಾಸಿ, ಅಂಚಿಗೆ ನೀರು ತುಂಬಿ ಮುಚ್ಚಳ ಬಿಗಿದ ಬಾಟಲಿಗಳನ್ನು ಇಡಿ. ಪ್ಲೈವುಡ್ ಮಂಚವಿದ್ದರೆ ಕಾಗದ ಹಿಡಿಯುವ ದೊಡ್ಡ ಕಬ್ಬಿಣದ ಕ್ಲಿಪ್ಪುಗಳಿಂದ ಅಂಚನ್ನು ಹಲಗೆಗೇ ಕಚ್ಚಿಸಬಹುದು. ಬೆನ್ನು, ಮೊಣಕಾಲು ಎರಡೂ ಉಳಿಯುತ್ತವೆ.

ಹಿಂಬದಿಯನ್ನು ಸುಲಟು ಬದಿ (ಹೊರಗೆ ಕಾಣಬೇಕಾದ ಮುಖ) ಕೆಳಗಾಗುವಂತೆ ಹಾಸಿ. ಮೊದಲು ಎದುರು-ಬದುರು ಅಂಚುಗಳ ನಟ್ಟನಡುವಿಗೆ ಟೇಪು, ಆಮೇಲೆ ಉಳಿದೆರಡು ಅಂಚು, ಕೊನೆಗೆ ಮೂಲೆಗಳು. ಹೆಚ್ಚಿನವರು ಎಡವುವುದು ಇಲ್ಲೇ. ಬಟ್ಟೆ ಸಪಾಟಾಗಿರಬೇಕೇ ಹೊರತು ಎಳೆದು ಬಿಗಿದಿರಬಾರದು. ಎಳೆದು ಅಂಟಿಸಿದ ಬಟ್ಟೆ ಟೇಪು ತೆಗೆದೊಡನೆ ಹಿಂದಕ್ಕೆ ಸೇದಿಕೊಳ್ಳುತ್ತದೆ, ಆಗ ಮೇಲಿನ ಪದರು ಉಬ್ಬುತ್ತದೆ. ಅಂಗೈಯಿಂದ ಸವರಿ ನೋಡಿ: ಕೈಯ ಮುಂದೆ ಅಲೆ ಏಳಬಾರದು, ಸೀರೆಯ ಗೆರೆಗಳೂ ಸೊಟ್ಟಗಾಗಿರಬಾರದು. ಆಮೇಲೆ ಒಳಪದರು, ಅದರ ಮೇಲೆ ಮೇಲ್ಪದರು. ಪ್ರತಿಯೊಂದನ್ನೂ ನಡುವಿನಿಂದ ಹೊರಕ್ಕೆ ಸವರಿ.

ಮುಷ್ಟಿಗೊಂದು ಸೇಫ್ಟಿ ಪಿನ್ನು ಚುಚ್ಚಿದರೆ ಮುನ್ನೂರರಷ್ಟು ಬೇಕು. ಅಷ್ಟು ಖರ್ಚೇಕೆ? ಗೇಣಿಗೊಂದರಂತೆ ಅರವತ್ತು-ಎಪ್ಪತ್ತು ಪಿನ್ನು ಹಾಕಿ ಉಳಿದದ್ದನ್ನು ದಾರಕ್ಕೆ ಬಿಡಿ. ತುಕ್ಕು ಹಿಡಿದ ಪಿನ್ನು ಬೇಡ, ಅದರ ಕಲೆ ಹೋಗುವುದಿಲ್ಲ.

ಚಮಚದ ಕೆಲಸ ಇಲ್ಲಿ ಶುರು. ಬಲಗೈಯ ಸೂಜಿ ಪದರುಗಳೊಳಗೆ ಹೋಗಿ ಮೇಲೆ ಬರಬೇಕಾದ ಜಾಗದಲ್ಲಿ, ಎಡಗೈಯ ಸ್ಟೀಲ್ ಚಮಚದ ಅಂಚನ್ನು ಬಟ್ಟೆಗೆ ಒತ್ತಿ ಹಿಡಿಯಿರಿ. ಮೊನೆ ನೆಲಕ್ಕೆ ತಾಗಿ ಮೇಲೇಳುತ್ತಲೇ ಚಮಚದ ಅಂಚಿಗೇರುತ್ತದೆ; ಚಮಚವನ್ನು ತುಸು ಎತ್ತಿದರೆ ಸೂಜಿ ಹಿಡಿಯಲು ಸಿಗುತ್ತದೆ. ಬಟ್ಟೆಯಡಿ ಕೈ ತೂರಿಸುವ ಗೋಜಿಲ್ಲ, ಪದರೂ ಅಲುಗುವುದಿಲ್ಲ. ಪಿನ್ನಿನ ಮೊನೆಯನ್ನೂ ಹೀಗೆಯೇ ಎತ್ತಿ ಮುಚ್ಚಿದರೆ ಉಗುರುಸಂದು ನೋಯದು. ಸೂಜಿ ಎಳೆಯಲು ಜಾರಿದರೆ ಸೈಕಲ್ ಟ್ಯೂಬಿನ ಚೂರಿನಿಂದ ಹಿಡಿಯಿರಿ.

ದಾರ ಬಿಳಿಯದೇ ಇರಲಿ. ಗಾಢ ಬಣ್ಣದ್ದು ತೆಳು ಬಟ್ಟೆಯ ಮೇಲೆ ಬಣ್ಣದ ಎಳೆ ಉಳಿಸುತ್ತದೆ. ಎಂಟೂವರೆ ಅಡಿ ಕತ್ತರಿಸಿ, ಗಂಟು ಹಾಕದೆ ಕೌದಿಯ ನಡುವಿನಿಂದ ಒಂದು ಅಂಚಿಗೆ ಹೊಲಿಯಿರಿ. ಅರ್ಧ ದಾರ ನಡುವೆಯೇ ಬಿದ್ದಿರಲಿ. ಆಮೇಲೆ ಆ ಅರ್ಧವನ್ನು ಸೂಜಿಗೆ ಪೋಣಿಸಿ ಇನ್ನೊಂದು ಅಂಚಿಗೆ. ಒಂದು-ಒಂದೂವರೆ ಇಂಚಿನ ಟಾಕೆ, ಸಾಲುಗಳ ನಡುವೆ 4 ಇಂಚು, ಉದ್ದಕ್ಕೂ ಅಡ್ಡಕ್ಕೂ. ತುದಿಯಲ್ಲಿ ಗಂಟಿನ ಬದಲು ಒಂದು ಹಿಂಟಾಕೆ ಸಾಕು. ಮೇಣದಬತ್ತಿಗೆ ಒಮ್ಮೆ ಉಜ್ಜಿದ ದಾರ ಸಿಕ್ಕಾಗುವುದು ಕಡಿಮೆ.

ಮೇಲ್ಪದರಿನ ಸಣ್ಣ ತುಂಡುಗಳಿಗೆ ಪಿನ್ನಿಗಿಂತ ಮೈದಾ ಅಂಟು ಮೇಲು. ಒಂದು ಲೋಟ ನೀರಿಗೆ ಎರಡು ಚಮಚ ಮೈದಾ ಕದಡಿ ಕುದಿಸಿ, ಆರಿಸಿ, ಅಂಚಿಗೆ ಮಾತ್ರ ತೆಳ್ಳಗೆ ಸವರಿ ಇಸ್ತ್ರಿ ಮಾಡಿ. ದಪ್ಪಗಾದರೆ ಸೂಜಿ ಹೋಗದು. ಕೌದಿ ಮುಗಿದೊಡನೆ ಒಗೆಯದಿದ್ದರೆ ಜಿರಲೆ ಬರುತ್ತದೆ.

ಅಷ್ಟಗಲ ಹಾಸಲು ಜಾಗವಿಲ್ಲದ ಮನೆಗೆ 6 ಅಡಿಯ ಎರಡು ಪ್ಲಾಸ್ಟಿಕ್ ನೀರಿನ ಪೈಪು ಬೇಕು. ಹಿಂಬದಿಯನ್ನು ಒಂದಕ್ಕೆ, ಮೇಲ್ಪದರನ್ನು ಇನ್ನೊಂದಕ್ಕೆ ಸುತ್ತಿ, ಮಂಚದ ಮೇಲೆ ಎರಡನ್ನೂ ಒಂದೊಂದು ಮೊಳ ಬಿಚ್ಚುತ್ತ, ನಡುವೆ ಒಳಪದರು ಹಾಸುತ್ತ ಹೊಲಿಯಿರಿ. ಸುರುಳಿಯೇ ಬಟ್ಟೆಯನ್ನು ಹದವಾಗಿ ಹಿಡಿದಿರುವುದರಿಂದ ಇಲ್ಲಿ ನಡುವಿನಿಂದ ಹೊರಡಬೇಕಿಲ್ಲ, ಒಂದು ತುದಿಯಿಂದಲೇ ಸಾಗಬಹುದು.

ಕಚ್ಚಾ ದಾರವನ್ನು ಪಕ್ಕಾ ಹೊಲಿಗೆಯೆಲ್ಲ ಮುಗಿದ ಮೇಲೆಯೇ ತೆಗೆಯಿರಿ. ಗೇಣಿಗೊಂದು ಕಡೆ ಕತ್ತರಿಸಿ ತುಂಡುತುಂಡಾಗಿ ಎಳೆಯಿರಿ. ಏಳು ಅಡಿಯನ್ನು ಒಂದೇ ಸಲ ಜಗ್ಗಿದರೆ ಸವೆದ ಸೀರೆ ಅಲ್ಲೇ ಹರಿಯುತ್ತದೆ.