12 ಜಿಬಿಯ ಹಳೇ ಕಾರ್ಡು, 8 ಜಿಬಿಯ ಹೊಸ ಕಾರ್ಡು: ನಾನು ಆರಿಸಿದ ಬಗೆ

ರಾಜಾಜಿನಗರದ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಆಫೀಸು. 30×40 ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ, ಕಟ್ಟಿ ಮುಗಿದ ಮೇಲೆ ಮನೆ ಹೇಗೆ ಕಾಣುತ್ತದೆ ಅಂತ 3ಡಿ ಚಿತ್ರದ ಸಾಫ್ಟ್‌ವೇರ್ ಆದ ಬ್ಲೆಂಡರ್‌ನಲ್ಲಿ ಚಿತ್ರ ಮಾಡಿಕೊಡುತ್ತೇನೆ. ಎಲಿವೇಷನ್ ಅಂತಾರಲ್ಲ, ಅದು.

2023ರವರೆಗೂ ನನ್ನ ಹತ್ತಿರ ಇದ್ದದ್ದು ಜಿಟಿಎಕ್ಸ್ 1660 ಸೂಪರ್, 6 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡು. ಒಂದು ಕೆಲಸದಲ್ಲಿ ಮನೆಯವರು ಮುಂದಿನ ಗೋಡೆಗೆಲ್ಲ ಸಾದರಹಳ್ಳಿ ಕಲ್ಲು ಬೇಕು ಅಂದಿದ್ದರು. ಉಳಿ ಏಟಿನ ಗುರುತು ಕಾಣೋ ಹಾಗೆ ಕಲ್ಲಿನ ಚಿತ್ರವನ್ನು 4ಕೆಯಲ್ಲಿ ಹಾಕಿದೆ. ಕಾಂಪೌಂಡ್ ಪಕ್ಕ ಹೊಂಗೆ ಮರ, ಎರಡು ತೆಂಗು, ಪೋರ್ಟಿಕೋದಲ್ಲಿ ಕಾರು. ರಾತ್ರಿ ಕೊನೆಯ ಚಿತ್ರ ತಯಾರಾಗಲಿ ಅಂತ ರೆಂಡರ್‌ಗೆ ಕೊಟ್ಟರೆ ಮೆಮೊರಿ ಸಾಲದು ಅಂತ ಬಂದು ನಿಂತಿತು. ಬೆಳಗ್ಗೆ ಹತ್ತಕ್ಕೆ ಅವರು ನೋಡೋಕೆ ಬರುವವರಿದ್ದರು. ಕಲ್ಲಿನ ಚಿತ್ರವನ್ನು 1ಕೆಗೆ ಇಳಿಸಿ ಕೊಟ್ಟೆ. ಗೋಡೆ ಸಿಮೆಂಟ್ ಬಳಿದ ಹಾಗೆ ಕಾಣಿಸಿತು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ತುಂಬಾ ಬೇಜಾರಾಯಿತು. ಹೊಸ ಕಾರ್ಡು ತಗೊಳ್ಳಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಕೈಗೆಟುಕುವ ಬೆಲೆಯಲ್ಲಿ ಎರಡೇ ಇದ್ದವು. 2021ರಲ್ಲಿ ಬಂದ ಆರ್‌ಟಿಎಕ್ಸ್ 3060, 12 ಜಿಬಿ. 2023ರ ಜೂನ್ ಕೊನೆಯಲ್ಲಿ ಬಂದ ಆರ್‌ಟಿಎಕ್ಸ್ 4060, 8 ಜಿಬಿ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡನ್ನೂ ಅಕ್ಕಪಕ್ಕ ಬರೆದುಕೊಂಡೆ.

ಮೊದಲು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. 3060ಯಲ್ಲಿ 3584, 4060ಯಲ್ಲಿ 3072. ಹಾಗಾದರೆ ಹಳೇದೇ ಮೇಲಾ? ಅಲ್ಲ. ಕೋರ್ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದನ್ನೂ ಸೇರಿಸಬೇಕು. 3060ಯ ಬೂಸ್ಟ್ ಕ್ಲಾಕ್ 1777 ಮೆಗಾಹರ್ಟ್ಸ್, 4060ಯದು 2460. ಕೋರ್‌ಗಳನ್ನು ಎರಡರಿಂದ ಗುಣಿಸಿ, ಮತ್ತೆ ಕ್ಲಾಕ್‌ನಿಂದ ಗುಣಿಸಿದರೆ ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡುತ್ತದೆ ಅನ್ನುವುದು) ಸಿಗುತ್ತದೆ. ಹಳೇದಕ್ಕೆ ಸುಮಾರು 12.7, ಹೊಸದಕ್ಕೆ 15.1. ಕಾರ್ಡಿನ ಮೆಮೊರಿಯಲ್ಲಿ ಹಿಡಿಯುವ ಫೈಲನ್ನು 4060 ಬೇಗ ಮುಗಿಸುತ್ತದೆ, ಅದರಲ್ಲಿ ಅನುಮಾನ ಇಲ್ಲ.

ಮೆಮೊರಿ ವಿಷಯಕ್ಕೆ ಬಂದಾಗ ಲೆಕ್ಕ ತಿರುಗಿತು. 3060ಯ ಬಸ್, ಅಂದರೆ ಮೆಮೊರಿಗೂ ಚಿಪ್ಪಿಗೂ ನಡುವಿನ ದಾರಿ, 192 ಬಿಟ್ ಅಗಲ, 15 ಗಿಗಾಬಿಟ್ ವೇಗ. ಎರಡನ್ನೂ ಗುಣಿಸಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 360 ಜಿಬಿ ಸಾಗುತ್ತದೆ, ಇದಕ್ಕೇ ಬ್ಯಾಂಡ್‌ವಿಡ್ತ್ ಅಂತಾರೆ. 4060ಯದು 128 ಬಿಟ್, 17 ಗಿಗಾಬಿಟ್, ಅಂದರೆ 272 ಜಿಬಿ. ನನ್ನ ಹಳೇ 1660 ಸೂಪರ್‌ಗೇ 336 ಇತ್ತು! ಈ ಕೊರತೆ ತುಂಬಲು 4060ಯಲ್ಲಿ ಎಲ್2 ಕ್ಯಾಶೆಯನ್ನು (ಚಿಪ್ಪಿನೊಳಗೇ ಇರುವ ಪುಟ್ಟ ಮೆಮೊರಿ) 24 ಎಂಬಿ ಮಾಡಿದ್ದಾರೆ. 3060ಯಲ್ಲಿ ಅದು 3 ಎಂಬಿ ಅಷ್ಟೇ. ಒಗ್ಗರಣೆ ಡಬ್ಬಿ ಒಲೆ ಪಕ್ಕದಲ್ಲೇ ಇದ್ದರೆ ಸಾಸಿವೆಗೆ, ಜೀರಿಗೆಗೆ ಪದೇ ಪದೇ ಸ್ಟೋರ್ ರೂಮಿಗೆ ಹೋಗಬೇಕಿಲ್ಲ, ಹಾಗೆ. ಆದರೆ ಡಬ್ಬಿ ಎಷ್ಟೇ ದೊಡ್ಡದಿರಲಿ, ಅಕ್ಕಿ ಮೂಟೆ ಇಡೋಕೆ ಬೇರೆ ಜಾಗ ಬೇಕಲ್ವಾ? ನನ್ನ ತೊಂದರೆ ಮೂಟೆಯದೇ.

4ಕೆ ಚಿತ್ರ ಅಂದರೆ 4096ಕ್ಕೆ 4096 ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್. ಒಟ್ಟು 64 ಎಂಬಿ. ಡಿಸ್ಕಿನಲ್ಲಿ ಜೆಪೆಗ್ ಎಷ್ಟೇ ಚಿಕ್ಕದಿರಲಿ, ಕಾರ್ಡಿಗೆ ಹೋದಾಗ ಬಿಚ್ಚಿಕೊಂಡು ಇಷ್ಟಾಗುತ್ತದೆ. ಕಲ್ಲಿಗೆ ಬಣ್ಣದ ಚಿತ್ರ ಒಂದು, ಉಬ್ಬುತಗ್ಗಿನ ನಾರ್ಮಲ್ ಮ್ಯಾಪ್ ಒಂದು. ಎರಡೂ ಸೇರಿ 128 ಎಂಬಿ. ಟೈಲ್ಸ್, ಮರದ ಬಾಗಿಲು, ಗ್ರಿಲ್, ಎಲೆ, ಹುಲ್ಲು, ರಸ್ತೆ ಅಂತ 40 ಸಾಮಾನು ಬಂದರೆ 5 ಜಿಬಿ ಹೋಯಿತು. ಇನ್ನೂ ಮನೆ, ಮರಗಳ ಆಕಾರವೇ ಬಂದಿಲ್ಲ. ವಿಂಡೋಸ್‌ಗೂ ಪಾಲು ಕೊಡಬೇಕು. (ಮರಗಳನ್ನು ಶಿಫ್ಟ್-ಡಿ ಬದಲು ಆಲ್ಟ್-ಡಿ ಒತ್ತಿ ನಕಲು ಮಾಡಿ. ಒಂದೇ ಮರದ ಮೆಮೊರಿಯಲ್ಲಿ ಹತ್ತು ಮರ ನಿಲ್ಲುತ್ತವೆ. ಇದು ಯಾವ ಕಾರ್ಡಿಗಾದರೂ ಒಳ್ಳೇದು.)

ಸುಮ್ನೆ ಊಹೆ ಬೇಡ ಅಂತ ಆ ಸಾದರಹಳ್ಳಿ ಫೈಲನ್ನು ಕಲ್ಲಿನ 4ಕೆ ಚಿತ್ರದೊಂದಿಗೇ ಕಾರ್ಡು ಬಿಟ್ಟು ಕಂಪ್ಯೂಟರಿನ ಸಿಪಿಯು ಮೇಲೆ ರೆಂಡರ್ ಮಾಡಿದೆ. ರಾತ್ರಿಯೆಲ್ಲ ಹಿಡಿಯಿತು. ಮೆಮೊರಿ ಪೀಕ್ 9.1 ಜಿಬಿ ಅಂತ ತೋರಿಸಿತು. 8 ಜಿಬಿಗೆ ಅದು ಹಿಡಿಯುವುದಿಲ್ಲ.

ಹಿಡಿಯದಿದ್ದರೆ ಏನಾಗುತ್ತದೆ? ಕೆಲವು ಸಲ ರೆಂಡರ್ ನಿಲ್ಲುತ್ತದೆ. ಕೆಲವು ಸಲ ಕಾರ್ಡು ಕಂಪ್ಯೂಟರಿನ ರ್ಯಾಮ್‌ನಿಂದ ಎರವಲು ತರುತ್ತದೆ. ಬಹಳ ಜನ ನೋಡದೇ ಬಿಡುವ ಸಾಲು ಇಲ್ಲಿ ಮುಖ್ಯ. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಗೆ ಪಿಸಿಐಇ ಅಂತಾರೆ, ಅದರ ಒಂದೊಂದು ಸಾಲು ಒಂದು ಲೇನ್. 4060ಗೆ ಪಿಸಿಐಇ 4.0ರ ಎಂಟೇ ಲೇನ್, 3060ಗೆ ಹದಿನಾರು. ನನ್ನ ಬಿ450 ಮದರ್‌ಬೋರ್ಡ್ ಪಿಸಿಐಇ 3.0. ಅದರಲ್ಲಿ ಎಂಟು ಲೇನ್ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 8 ಜಿಬಿ. 272 ಎಲ್ಲಿ, 8 ಎಲ್ಲಿ!

ಕರೆಂಟಿನಲ್ಲಿ ಮಾತ್ರ 4060 ಪೂರಾ ಗೆಲ್ಲುತ್ತದೆ. 115 ವಾಟ್, 3060ಗೆ 170. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಪೂರ್ತಿ ದುಡಿಸಿದರೂ 11 ಯೂನಿಟ್ ಜಾಸ್ತಿ. ಅದನ್ನು ನಾನು ಕಟ್ಟಬಲ್ಲೆ.

ಪಕ್ಕದ ಮನೆ ಹುಡುಗ "ಅಕ್ಕಾ, ನಾನೂ 3060 ತಗೊಳ್ಳಲಾ?" ಅಂದ. ಅವನದು ಬರೀ ಗೇಮ್, ಬೋರ್ಡೂ ಪಿಸಿಐಇ 4.0 ಇರುವ ಬಿ550. 4060 ತಗೋ ಅಂದೆ. ಗೇಮಿನಲ್ಲಿ ನಡುನಡುವೆ ಹೊಸ ಫ್ರೇಮ್ ಸೇರಿಸುವ ಡಿಎಲ್ಎಸ್ಎಸ್ 3ರ ಫ್ರೇಮ್ ಜನರೇಷನ್ 3060ಗೆ ಇಲ್ಲ, ಬಿಸಿಯೂ ಜಾಸ್ತಿ.

ಶನಿವಾರ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ನಡೆದೆ. ಅಂಗಡಿಯವರು "ಹೊಸಾದು ಇರುವಾಗ ಹಳೇದ್ಯಾಕೆ ಮೇಡಂ?" ಅಂದರು. ಫೈಲಿನ ಲೆಕ್ಕ ಹೇಳಿದೆ. ತಲೆ ಆಡಿಸಿ ಒಳಗಿಂದ ಪೆಟ್ಟಿಗೆ ತಂದರು. ಅದರ ಮೇಲೆ 3060 ಅಂತಲೇ ಇತ್ತು, ಆದರೆ ಕೆಳಗೆ ಚಿಕ್ಕದಾಗಿ 8 ಜಿಬಿ. ಅದೇ ಹೆಸರಿನಲ್ಲಿ ಆಮೇಲೆ ಬಂದ ಕಾರ್ಡು ಅದು. ಬಸ್ 128 ಬಿಟ್, ಬ್ಯಾಂಡ್‌ವಿಡ್ತ್ 240 ಜಿಬಿ. ವಾಪಸ್ ಕೊಟ್ಟು 12 ಜಿಬಿಯದೇ ಬೇಕು ಅಂದೆ. ಬಿಲ್ಲಿನಲ್ಲೂ 12 ಜಿಬಿ ಅಂತ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ.

ಮನೆಗೆ ಬಂದು ಹಾಕಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದೆ. ಮೆಮೊರಿ 12288 ಎಂಬಿ, ಬಸ್ 192 ಬಿಟ್, ಎರಡೂ ಸರಿ. ಆದರೆ ಬಸ್ ಇಂಟರ್ಫೇಸ್ ಸಾಲಿನಲ್ಲಿ ಎಕ್ಸ್16 1.1 ಅಂತ ಇತ್ತು, ಅಂದರೆ ಹದಿನಾರು ಲೇನ್ ಇದ್ದರೂ ಪಿಸಿಐಇ 1.1ರ ಹಳೇ ವೇಗ! ಎದೆ ಧಸಕ್ಕಂತು. ಕೆಲಸ ಇಲ್ಲದಾಗ ಕರೆಂಟ್ ಉಳಿಸೋಕೆ ಕಾರ್ಡು ವೇಗ ತಗ್ಗಿಸಿಕೊಂಡಿರುತ್ತದೆ. ಪಕ್ಕದ ಪ್ರಶ್ನೆ ಗುರುತು ಒತ್ತಿ ಟೆಸ್ಟ್ ಶುರು ಮಾಡಿದ ತಕ್ಷಣ ಎಕ್ಸ್16 3.0 ಆಯಿತು.

ಆಮೇಲೆ ಅದೇ ಫೈಲ್ ತೆಗೆದು ಕಾರ್ಡಿನ ಮೇಲೆ ರೆಂಡರ್‌ಗೆ ಕೊಟ್ಟೆ. ಅಡುಗೆ ಮನೆಗೆ ಹೋಗಿ ಊಟ ಮುಗಿಸಿ ಬರುವಷ್ಟರಲ್ಲಿ ಚಿತ್ರ ತಯಾರಿತ್ತು. ಜೂಮ್ ಮಾಡಿದರೆ ಸಾದರಹಳ್ಳಿ ಕಲ್ಲಿನ ಮೇಲೆ ಉಳಿ ಏಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆ ಮನೆಯವರಿಗೆ ಮತ್ತೆ ಕಳಿಸಿದೆ, ದುಡ್ಡು ಕೇಳಲಿಲ್ಲ.