ಏಜೆಂಟ್ ಇಲ್ದೆ ಲೇಔಟ್ ಅಪ್ರೂವಲ್: ಹಳ್ಳ ಮೊದಲು, ಸೈಟು ಆಮೇಲೆ (ನನ್ನ ಅನುಭವ)

ಹೋದ ತಿಂಗ್ಳು ನಮ್ಮ ಲೇಔಟ್‌ನ ಮೊದಲ ಹಂತದ 40 ಪರ್ಸೆಂಟ್ ಸೈಟುಗಳ ಬಿಡುಗಡೆ ಆರ್ಡರ್, ಅಂದ್ರೆ ಅವನ್ನ ಮಾರೋಕೆ ಒಪ್ಪಿಗೆ, ಕೈಗೆ ಬಂತು. ಯೋಜನಾ ಪ್ರಾಧಿಕಾರಕ್ಕೆ ಫೈಲ್ ಹಾಕಿದ್ದು ನಾನೇ, ಹಿಂದೆ ಓಡಾಡಿದ್ದೂ ನಾನೇ, ನಡುವೆ ಯಾವ ಏಜೆಂಟೂ ಇಲ್ಲ. "ಇದು ಆಗೋ ಕೆಲ್ಸ ಅಲ್ಲ ಕಣಣ್ಣ, ಒಂದೊಂದು ಟೇಬಲ್‌ಗೂ ಒಬ್ಬೊಬ್ಬ ಬೇಕು" ಅಂತಿದ್ದೋರೇ ಈಗ ಫೋನ್ ಮಾಡಿ ಹೆಂಗೆ ಮಾಡಿದ್ರಿ ಅಂತ ಕೇಳ್ತಿದಾರೆ. ಒಬ್ಬೊಬ್ರಿಗೂ ಹೇಳೋ ಬದ್ಲು ಬರೆದೇ ಬಿಡ್ತೀನಿ.

ಜಮೀನು ಪಹಣಿ ಪ್ರಕಾರ 6 ಎಕರೆ 8 ಗುಂಟೆ, ಅದ್ರಲ್ಲಿ 11 ಗುಂಟೆ ಬಿ ಖರಾಬು, ಅಂದ್ರೆ ಹಳ್ಳ, ದಾರಿ ಥರ ಸಾರ್ವಜನಿಕ ಬಳಕೆಗೆ ಬಿಟ್ಟಿರೋ ಜಾಗ. ಆ 11 ಗುಂಟೇಲೇ ಎಲ್ಲ ಇರೋದು. ಗ್ರಾಮ ನಕಾಶೆಯಲ್ಲಿ ಅದು ಹಳ್ಳ, ಸ್ಥಳಕ್ಕೆ ಹೋದ್ರೆ ಲಂಟಾನ ಬೆಳ್ಕೊಂಡಿರೋ ತಗ್ಗು, ಮಳೆಗಾಲ ಬಿಟ್ರೆ ಒಂದು ಹನಿ ನೀರಿಲ್ಲ. ಪಾರ್ಟ್ನರ್ ಮೊದ್ಲು ಹಿಡಿದಿದ್ದ ಕನ್ಸಲ್ಟೆಂಟು ಇದನ್ನ ನೋಡಿ "ಸತ್ತ ಹಳ್ಳ ಸಾರ್" ಅಂತ ಹೇಳಿ ಅದರ ಮೇಲೆ ರೋಡ್ ಎಳ್ದು, ದಂಡೆಗೆ ಸಾಲಾಗಿ 30x40 ಅಡಿ ಸೈಟು ಕೂರ್ಸಿ, ಪಾರ್ಕನ್ನ ಮೂಲೆ ಮೂಲೆಲಿ ಉಳಿದಿರೋ ತ್ರಿಕೋನಗಳಲ್ಲಿ ಚೂರು ಚೂರು ಮಾಡಿ, ಪಾರ್ಕಿಗೆ ಬಿಡ್ಬೇಕಾದ 10 ಪರ್ಸೆಂಟ್ ಲೆಕ್ಕ ತೋರ್ಸಿದ್ದ. ಕಾಗದದ ಮೇಲೆ 115ರ ಹತ್ರ ಸೈಟು, ನೋಡೋಕೆ ಚೆನ್ನಾಗೇ ಇತ್ತು. ಫೈಲ್ ಹೋಯ್ತು, ಷರಾ ಬರ್ಕೊಂಡು ವಾಪಸ್ ಬಂತು. ಅದಕ್ಕೆ ಅವನು ಕೊಟ್ಟ ಉತ್ತರ ಎರಡು ಸಾಲು, "ಸರಿಪಡಿಸಲಾಗಿದೆ" ಅಂತ. ಮತ್ತೆ ವಾಪಸ್. ಕೊನೆಗೆ ಆಕ್ಷೇಪಣೆಗಳನ್ನೆಲ್ಲ ಬರೆದ ಒಂದು ಹಿಂಬರಹ ಕೊಟ್ಟು ಫೈಲ್ ಕ್ಲೋಸ್ ಮಾಡಿದ್ರು.

ಆ ಹೊತ್ತಿಗೆ ಒಂದೂವರೆ ವರ್ಷ ಹೋಗಿತ್ತು. ಜಮೀನಿಗೆ ಹಾಕಿದ್ದ ಸಾಲ ಎರಡು ಕೋಟಿ ಆಸುಪಾಸು, ಬಡ್ಡಿ ತಿಂಗಳಿಗೆ ಎರಡೂವರೆ ಲಕ್ಷ. ನೀವೇ ಗುಣಿಸ್ಕೊಳ್ಳಿ, 45 ಲಕ್ಷ ಬರೀ ಬಡ್ಡಿ. ಕನ್ಸಲ್ಟೆಂಟ್ ಫೀಸು, "ಮೇಲಿನ ಖರ್ಚು" ಅಂತ ಅವನು ತಗೊಂಡಿದ್ದು ಬೇರೆ, ಅದಕ್ಕೆ ರಸೀದಿ ಎಲ್ಲಿಂದ ಬರ್ಬೇಕು. ಪಾರ್ಟ್ನರ್ ಜಮೀನು ಮಾರಿಬಿಡೋಣ ಅಂದ. ನಾನು ಆರು ತಿಂಗಳು ಟೈಮ್ ಕೊಡು ಅಂದೆ.

ನಾನು ಮಾಡಿದ ಮೊದಲ ಕೆಲ್ಸ ಹದ್ದುಬಸ್ತು, ಅಂದ್ರೆ ಸರ್ಕಾರಿ ಸರ್ವೇಯರ್ ಕೈಲಿ ಜಮೀನಿನ ಗಡಿ ಅಳೆಸೋದು. ಪ್ರೈವೇಟ್ ಟೋಟಲ್ ಸ್ಟೇಷನ್ (ಅಳತೆ ಯಂತ್ರ) ಸರ್ವೇ ಕೈಲಿತ್ತು, ಆದ್ರೆ ಅದನ್ನ ನಂಬಿ ಪ್ಲಾನ್ ಮಾಡಿದ್ರೆ ನಾಳೆ ಎಡಿಎಲ್ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು) ಆಫೀಸಿನ ಸ್ಕೆಚ್ ಬೇರೆ ಹೇಳುತ್ತೆ, ಆಗ ಪ್ಲಾನೇ ಹೋಯ್ತು. ಅರ್ಜಿ ಹಾಕಿ ಸಕಾಲ (ಸರ್ಕಾರಿ ಸೇವೆಗೆ ಗಡುವು ಹಾಕೋ ಯೋಜನೆ) ಸ್ವೀಕೃತಿ ನಂಬರ್ ತಪ್ಪದೆ ಇಸ್ಕೊಳ್ಳಿ. ತಡ ಆದ್ರೆ ದಿನಕ್ಕೆ 20 ರೂಪಾಯಿ ಸಿಗುತ್ತೆ ಅಂತಲ್ಲ, ಆ ನಂಬರ್ ಇದ್ರೆ ನಿಮ್ಮ ಅರ್ಜಿ ಕಂಪ್ಯೂಟರಲ್ಲಿ ಬಾಕಿ ಅಂತ ಕಾಣ್ತಾ ಇರುತ್ತೆ, ಅದಕ್ಕೆ. ಸರ್ವೇಯರ್ ಬಂದ ದಿನ ಈಶಾನ್ಯ ಮೂಲೆ ಕಲ್ಲು ಸಿಗ್ಲಿಲ್ಲ. ಟಿಪ್ಪಣಿ (ಹಳೇ ಸರ್ವೇ ಅಳತೆಯ ನಕ್ಷೆ) ಅಳತೆ ಹಿಡ್ಕೊಂಡು ಬಂದು ಒಂದು ಕಡೆ ನಿಂತು "ಇಲ್ಲೇ ಇರ್ಬೇಕು" ಅಂದ್ರು, ಲಂಟಾನ ಕಡಿಸಿ ಒಂದಡಿ ಅಗೆಸಿದ್ವಿ, ಕಲ್ಲು ಅಡ್ಡ ಬಿದ್ದಿತ್ತು, ತಲೆ ಮೇಲೆ ಪ್ಲಸ್ ಗುರುತು ಹಂಗೇ ಇತ್ತು. ಆ ಕಲ್ಲಿಂದ ಅಳೆದ್ರೆ ಕನ್ಸಲ್ಟೆಂಟ್ ಪ್ಲಾನಲ್ಲಿ ಹಳ್ಳ ತೋರ್ಸಿದ್ದ ಜಾಗಕ್ಕೂ ನಿಜವಾದ ಹಳ್ಳಕ್ಕೂ ಹತ್ತಿರ ಹತ್ತಿರ 30 ಅಡಿ ವ್ಯತ್ಯಾಸ. ಸ್ಥಳದಲ್ಲಿ ಜಮೀನೂ ನಾಲ್ಕೈದು ಗುಂಟೆ ಕಡಿಮೆ ಬಂತು. ಕಡಿಮೆ ಬಂದಿದ್ದನ್ನೇ ಒಪ್ಕೊಂಡು ಅಷ್ಟಕ್ಕೇ ಪ್ಲಾನ್ ಮಾಡ್ಸಿದೆ.

ಆಮೇಲೆ ಡ್ರಾಫ್ಟ್ಸ್‌ಮನ್ ಪಕ್ಕ ಕೂತ್ಕೊಂಡು ಹಾಳೆ ಮೇಲೆ ಮೊದ್ಲು ಹಳ್ಳ ಬರೆಸ್ದೆ, ಅದರ ಎರಡೂ ಕಡೆ ಮಾಸ್ಟರ್ ಪ್ಲಾನಿನ ಝೋನಲ್ ರೆಗ್ಯುಲೇಷನ್ ಹೇಳೋ ಬಫರ್, ಅಂದ್ರೆ ಏನೂ ಕಟ್ಟದೆ ಬಿಡ್ಬೇಕಾದ ಜಾಗ. ಬಫರ್ ವಿಚಾರದಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2016ರಲ್ಲಿ ಬೆಂಗಳೂರಿಗೆ ಹೇಳಿದ್ದ ಜಾಸ್ತಿ ಬಫರನ್ನ ಸುಪ್ರೀಂ ಕೋರ್ಟ್ 2019ರಲ್ಲಿ ತೆಗೆದು ಹಾಕ್ತು, ಅಲ್ಲಿ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30 ಮೀಟರ್, ಕಾಲುವೆಗೆ ದರ್ಜೆ ನೋಡಿ 50, 25, 15 ಅಂತ ವಾಪಸ್ ಬಂತು. ಅದು ಬೆಂಗಳೂರಿನ ಲೆಕ್ಕ. ನಿಮ್ಮೂರಿಗೆ ನಿಮ್ಮ ಮಾಸ್ಟರ್ ಪ್ಲಾನ್ ತೆಗೆದು ಓದಿ, ಯಾರೋ ಹೇಳಿದ್ದು ಕೇಳ್ಬೇಡಿ. ಪಾರ್ಕ್ ಪೂರ್ತಿ ಆ ಬಫರ್‌ಗೆ ಅಂಟ್ಕೊಂಡು ಒಂದೇ ಉದ್ದ ಪಟ್ಟಿ ಮಾಡಿದೆ, ಸಿಎ ಸೈಟ್ (ಶಾಲೆ, ಆಸ್ಪತ್ರೆ ಥರ ನಾಗರಿಕ ಸೌಲಭ್ಯಕ್ಕೆ ಬಿಡೋ ಜಾಗ) 5 ಪರ್ಸೆಂಟ್ ಅದರ ಪಕ್ಕ, ಆಮೇಲೆ ರೋಡು, ಕೊನೆಗೆ ಸೈಟು. ಸೈಟುಗಳ ಜಾಗ 55 ಪರ್ಸೆಂಟ್ ಮುಟ್ಟಲೇಬೇಕು ಅಂತ ಒದ್ದಾಡ್ಲಿಲ್ಲ.

ಐದು ಸೈಟು ಕಡಿಮೆ ಆಯ್ತು. ನಮ್ಮ ಕಡೆ ಚದರಡಿಗೆ 900 ಅಂತ ಇಟ್ಕೊಂಡ್ರೂ 54 ಲಕ್ಷ. ಪಾರ್ಟ್ನರ್ ರಾತ್ರಿ ನಿದ್ದೆ ಮಾಡ್ಲಿಲ್ಲ, ಬಿಲ್ಡರ್ ಫ್ರೆಂಡ್ ಒಬ್ರು ಮುಖಕ್ಕೇ "ಬುದ್ಧಿ ಇದ್ಯಾ" ಅಂದ್ರು. ನನ್ನ ಲೆಕ್ಕ ಇದು: ಹಳೇ ದಾರೀಲಿ ಇನ್ನೊಂದು ಒಂದೂವರೆ ವರ್ಷ ಹೋದ್ರೆ ಇನ್ನೊಂದು 45 ಲಕ್ಷ ಬಡ್ಡಿ ಖಂಡಿತ, ಮತ್ತೆ ಪಾರ್ಕ್ ಎದುರಿಗೆ ಬರೋ 14-15 ಸೈಟಿಗೆ ಅಡಿಗೆ 100 ಜಾಸ್ತಿ ಕೇಳಬಹುದು, ಅದೇ 17 ಲಕ್ಷ. ಕೂಡಿದ್ರೆ ಆ ಐದು ಸೈಟಿಗಿಂತ ಜಾಸ್ತಿನೇ. ದುಡ್ಡು ಬಿಡಿ, 2022ರ ಸೆಪ್ಟೆಂಬರಲ್ಲಿ ಬೆಂಗಳೂರು ಸರ್ಜಾಪುರ ರೋಡ್ ಕಡೆ ಕೋಟಿ ಕೋಟಿ ಕೊಟ್ಟ ಮನೆಯೋರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದಿದ್ದನ್ನ ಎಲ್ರೂ ನೋಡಿದೀವಿ. ನನ್ನ ಹತ್ರ ಸೈಟ್ ತಗೊಳ್ಳೋರು ಬ್ಯಾಂಕ್ ಸಾಲ ಮಾಡಿ ಜೀವನದಲ್ಲಿ ಒಂದೇ ಸಲ ಮನೆ ಕಟ್ಟೋ ಮೇಷ್ಟ್ರುಗಳು, ಕಂಡಕ್ಟರುಗಳು. ಅವ್ರ ಹಾಲ್‌ಗೆ ನೀರು ನುಗ್ಗೋ ಸೈಟ್ ನಾನು ಮಾರಲ್ಲ.

ಹಳ್ಳ ಉಳ್ಸಿದ್ದು ನನಗೆ ಇನ್ನೊಂದು ಕಡೆ ಕೈ ಹಿಡೀತು, ಅದು ಅಪ್ರೋಚ್ ರೋಡ್, ಅಂದ್ರೆ ಲೇಔಟ್‌ಗೆ ಬರೋ ದಾರಿ ವಿಷ್ಯದಲ್ಲಿ. ನಕಾಶೆಯಲ್ಲಿ ಇದ್ದಿದ್ದು ಬಂಡಿದಾರಿ, 18 ಅಡಿ ಸಿಗ್ತಿತ್ತು, ಕೇಳಿದ್ದು 9 ಮೀಟರ್. ಪಕ್ಕದ ಜಮೀನಿನ ಅಜ್ಜ ಉದ್ದಕ್ಕೂ ಒಂದು ಪಟ್ಟಿ ಬಿಡ್ಬೇಕು. ಕನ್ಸಲ್ಟೆಂಟ್ ಕಾಲದಲ್ಲಿ ಗುಂಟೆಗೆ ಮಾರ್ಕೆಟ್ ರೇಟಿನ ಡಬಲ್ ಅಂದ್ರೂ ಅವರು ಒಪ್ಪಿರ್ಲಿಲ್ಲ. ನಾನು ಹೊಸ ಪ್ಲಾನ್ ಹಾಳೇನೇ ತಗೊಂಡು ಹೋಗಿ ಅವರ ಜಗಲಿ ಮೇಲೆ ಹಾಸಿದೆ. ಅಜ್ಜ ಹಳ್ಳದ ಗೆರೆ ಮೇಲೆ ಬೆರಳಿಟ್ಟು ಅವರ ಗದ್ದೆ ತನಕ ಎಳ್ಕೊಂಡು ಹೋಗಿ, "ನೀರು ನಮ್ಮ ಕಡೆ ಬರೋದು ನಿಲ್ಸಲ್ವಾ?" ಅಂದ್ರು. ನಿಲ್ಸಲ್ಲ ಅಜ್ಜಾ, ನೋಡಿ ಮೋರಿನೂ ಹಾಕ್ತಿದೀನಿ ಅಂತ ತೋರಿಸ್ದೆ. ಎರಡು ಗುಂಟೆ ಮಾಮೂಲಿ ರೇಟಿಗೇ ಕೊಟ್ರು, ಜೊತೆಗೆ ಅವರ ಬದುವಿನ ಹುಣಸೆ ಮರ ಕಡಿಯಬಾರ್ದು ಅಂತ ಒಂದು ಮಾತು. ರೋಡ್ ಆ ಮರದ ಹತ್ರ ಸ್ವಲ್ಪ ಬಳಸಿ ಹೋಗುತ್ತೆ, ಅಗಲ ಎಲ್ಲೂ ಕಮ್ಮಿ ಆಗ್ಲಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಡ್ರೋನ್ ಕಾಂಟೂರ್ (ನೆಲದ ಏರು ತಗ್ಗಿನ ನಕ್ಷೆ) ತೆಗೆಸ್ದೆ, 35-40 ಸಾವಿರ ಆಯ್ತು. ಬಯಲು ಜಾಗದಲ್ಲಿ ಟೋಟಲ್ ಸ್ಟೇಷನ್ ಜೊತೆ ಸರಿಯಾಗಿ ಕೂತ್ಕೊಳ್ತು, ಲಂಟಾನ ಇರೋ ಕಡೆ ಗಿಡದ ತಲೇನೇ ನೆಲ ಅಂತ ತಗೊಂಡುಬಿಟ್ಟಿತ್ತು, ಅಲ್ಲಿ ಉಪಯೋಗಕ್ಕೆ ಬರ್ಲಿಲ್ಲ. ನನ್ನ ಮಟ್ಟಿಗೆ ಗಿಡ ಕಡಿಸೋಕೆ ಮುಂಚೆ ಡ್ರೋನ್ ವೇಸ್ಟ್. ಇನ್ನೊಂದು, ಮೂರಡಿ ಗುಂಡಿ ನಾಲ್ಕು ಕಡೆ ತೋಡಿಸಿ ಟ್ಯಾಂಕರ್ ನೀರು ತುಂಬ್ಸಿ ಎಷ್ಟು ಹೊತ್ತಿಗೆ ಇಂಗುತ್ತೆ ನೋಡ್ದೆ. ಮೇಲ್ಗಡೆ ಕೆಂಪು ಮಣ್ಣಲ್ಲಿ ಸಂಜೆಯೊಳಗೆ ಖಾಲಿ, ಹಳ್ಳದ ಹತ್ರ ಎರಡು ದಿನ ನಿಂತಿತ್ತು. ಇಂಗುಗುಂಡಿ ಎಲ್ಲಿ, ಮೋರಿ ಎಲ್ಲಿ ಅಂತ ಆ ಗುಂಡಿಗಳೇ ಹೇಳಿದ್ವು, ಇಂಜಿನಿಯರ್‌ಗೂ ಅದನ್ನೇ ಫೋಟೋ ಸಮೇತ ಕೊಟ್ಟೆ.

ಫೈಲ್ ಕಟ್ಟಿದ್ದು ಹೀಗೆ. ಹಳೇ ಹಿಂಬರಹದಲ್ಲಿದ್ದ ಒಂದೊಂದು ಆಕ್ಷೇಪಣೆಗೂ ಎಡಗಡೆ ಅವರ ವಾಕ್ಯ ಹಂಗೇ, ಬಲಗಡೆ ನನ್ನ ಉತ್ತರ, ಪಕ್ಕದಲ್ಲಿ ದಾಖಲೆಯ ಪುಟ ಸಂಖ್ಯೆ. ಅನುಪಾಲನಾ ವರದಿ ಅಂದ್ರೆ ಅದು. ಎಲ್ಲ ಪುಟಕ್ಕೂ ನಂಬರ್. ಕೇಸ್ ವರ್ಕರ್ ಫೈಲಲ್ಲಿ ನೋಟ್ ಬರೆಯುವಾಗ ಹುಡುಕೋ ಕೆಲ್ಸ ಇರ್ಬಾರ್ದು, ಅಷ್ಟೇ. ಎಸ್ಕಾಂ (ವಿದ್ಯುತ್ ಕಂಪನಿ), ನೀರು ಸರಬರಾಜು ಎನ್‌ಒಸಿ ಎರಡನ್ನೂ ಕೇಳೋಕೆ ಮುಂಚೆನೇ ಒಳಗೆ ಹಾಕಿದ್ದೆ. ಜಂಟಿ ಸ್ಥಳ ತನಿಖೆಗೆ ಸರ್ವೇಯರ್, ಜೆಇ (ಜೂನಿಯರ್ ಇಂಜಿನಿಯರ್) ಇಬ್ರನ್ನೂ ಒಂದೇ ದಿನ ಹೆಂಗೆ ಕರ್ಕೊಂಡು ಬಂದೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಕಾನೂನು ಮೀರಿ ಏನೂ ಮಾಡ್ಲಿಲ್ಲ ಅಂತ ಮಾತ್ರ ಹೇಳ್ತೀನಿ. ತನಿಖೆ ದಿನ ಹಳ್ಳಕ್ಕೂ ಬಫರ್‌ಗೂ ಬೇರೆ ಬೇರೆ ಬಣ್ಣದ ಗೂಟ ಹೊಡೆಸಿದ್ದೆ, ಪ್ಲಾನ್ ಹಿಡ್ಕೊಂಡು ನಡ್ಕೊಂಡೇ ನೋಡಿದ್ರು. ಮುಂದಿನ ಮೀಟಿಂಗ್ ಅಜೆಂಡಾದಲ್ಲಿ ಬಂತು, ಅದೇ ಮೀಟಿಂಗಲ್ಲಿ ಪಾಸ್.

ಆಮೇಲಿಂದು ಎಲ್ರಿಗೂ ಇರೋದೇ: ಶುಲ್ಕ ಕಟ್ಟಿದ್ದು, ರೋಡು ಪಾರ್ಕು ಸಿಎ ಬಿಟ್ಟುಕೊಡೋ ರಿಲಿಂಕ್ವಿಶ್‌ಮೆಂಟ್ ಡೀಡ್ ರಿಜಿಸ್ಟರ್ ಮಾಡ್ಸಿದ್ದು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ. ರೇರಾ ನಂಬರ್ ಬರೋ ತನಕ ಒಂದು ರೂಪಾಯಿ ಟೋಕನ್ ತಗೊಳ್ಲಿಲ್ಲ, ಬ್ರೋಕರ್‌ಗಳು ಎಷ್ಟೇ ಒತ್ತಾಯ ಮಾಡಿದ್ರೂ. ಬಂದ ದುಡ್ಡಲ್ಲಿ 70 ಪರ್ಸೆಂಟ್, ರೇರಾ ಹೇಳೋ ಹಂಗೆ, ಬೇರೆ ಅಕೌಂಟಲ್ಲೇ ಇದೆ, ಚರಂಡಿ, ಓವರ್‌ಹೆಡ್ ಟ್ಯಾಂಕ್ ಕೆಲ್ಸ ಅದ್ರಲ್ಲೇ ನಡೀತಿದೆ. ಸೈಟ್ ಬಿಡುಗಡೆಯ ಇನ್ನೆರಡು ಹಂತ, 30 ಪರ್ಸೆಂಟ್ ಮತ್ತೆ 30 ಪರ್ಸೆಂಟ್, ಬಾಕಿ ಇದೆ. ಪಾರ್ಕ್ ಎದುರಿನ ಸೈಟುಗಳಿಗೆ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಕೇಳ್ತಿದಾರೆ, ಮೊದಲ ಹಂತದಲ್ಲಿ ಬಿಟ್ಟಿದ್ದ ಅಂಥವು ಎಲ್ಲ ಬುಕ್ ಆಗಿವೆ.

ಅನುಪಾಲನಾ ವರದಿ ನಮೂನೆ ಬೇಕಾದೋರಿಗೆ ಕೊಡ್ತೀನಿ. ಆದ್ರೆ ಬರುವಾಗ ಗ್ರಾಮ ನಕಾಶೆ, ಸರ್ವೇ ಟಿಪ್ಪಣಿ, ಆಕಾರಬಂದ್ (ಸರ್ವೇ ನಂಬರಿನ ವಿಸ್ತೀರ್ಣ, ಖರಾಬು ಹೇಳೋ ದಾಖಲೆ) ಮೂರೂ ಕೈಲಿರ್ಲಿ. ಪ್ಲಾನ್ ಆಮೇಲೆ ನೋಡೋಣ.