ಕಷ್ಟ ಹೇಳಿಕೊಳ್ಳಲು ನಾನು ಕಲಿತ ಒಂದು ಸ್ಪ್ಯಾನಿಷ್ ವಾಕ್ಯ

ಸ್ಪ್ಯಾನಿಷ್ ಕಲಿಸುವ ಪಾಠಗಳಲ್ಲಿ ಎಲ್ಲರೂ ಸದಾ ಚೆನ್ನಾಗಿಯೇ ಇರುತ್ತಾರೆ. ಹೇಗಿದ್ದೀರಿ ಅಂದರೆ "ಮುಯ್ ಬಿಯೆನ್", ಅಲ್ಲಿಗೆ ಮುಗಿಯಿತು. ಆದರೆ ನಿಜವಾದ ಜನರ ಜೊತೆ ಮಾತಾಡುವಾಗ ಒಬ್ಬರಿಗೆ ಕೆಲಸ ಹೋಗಿರುತ್ತದೆ, ಇನ್ನೊಬ್ಬರ ಮನೆಯಲ್ಲಿ ಕಾಯಿಲೆ, ನನಗೂ ಆಗ ಯಾವುದೂ ಕೈ ಹತ್ತುತ್ತಿರಲಿಲ್ಲ. "ಎಸ್ತೊಯ್ ಮಾಲ್" ಅಂದರೆ ಹುಷಾರಿಲ್ವಾ ಅಂತ ಕೇಳುತ್ತಾರೆ. "ತೆಂಗೊ ಪ್ರೊಬ್ಲೆಮಾಸ್" ಅಂದರೆ ಏನು ಸಮಸ್ಯೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ವಿವರಕ್ಕೆ ಹೋಗದೆ ಹೇಳಿ ಮುಗಿಸುವ ಒಂದು ಮಾತು ಬೇಕಿತ್ತು.

ನಾನು ಹಿಡಿದುಕೊಂಡಿದ್ದು ಇದು: "ಎಸ್ತೊಯ್ ಪಸಾಂದೊ ಪೊರ್ ಉನಾ ಮಾಲಾ ರಾಚಾ". ಸದ್ಯ ನನ್ನ ಟೈಮ್ ಸರಿ ಇಲ್ಲ, ಒಂದರ ಮೇಲೊಂದು ಬರುತ್ತಿದೆ ಅಂತ. ದುಡ್ಡಿನ ತೊಂದರೆಗೂ ಆಗುತ್ತದೆ, ಮನಸ್ಸಿನ ಬೇಸರಕ್ಕೂ ಆಗುತ್ತದೆ. ಸ್ಪೇನ್‌ನಲ್ಲಿ ಹೇಳಿದರೂ ಮೆಕ್ಸಿಕೊದಲ್ಲಿ ಹೇಳಿದರೂ ಅರ್ಥವಾಗುತ್ತದೆ, ಬಾಸ್ ಹತ್ತಿರ ಹೇಳಿದರೂ ಮರ್ಯಾದೆಗೆ ಏನೂ ಕಮ್ಮಿ ಇಲ್ಲ.

ಬಾಯಿಗೆ ಕೂರಿಸುವಾಗ ಕನ್ನಡ ತುಂಬಾ ಸಹಾಯಕ್ಕೆ ಬಂತು. ನಾವು "ಹೋಗ್ತಾ ಇದ್ದೀನಿ" ಅಂದಾಗ "ನಾನು" ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ, ಅಲ್ವಾ? "ಎಸ್ತೊಯ್ ಪಸಾಂದೊ" ಕೂಡ ಅದೇ ತರಹ, "ಯೊ" ಬೇಕಾಗಿಲ್ಲ. ನಮ್ಮ ತ, ದ, ಚ ಹಾಗೇ ಹೊಂದುತ್ತವೆ. ಕಷ್ಟ ಕೊಟ್ಟಿದ್ದು ಎರಡೇ. "ರಾಚಾ" ಪದದ ಮೊದಲ ರ, ಅದನ್ನು ನಾಲಿಗೆ ಅದುರಿಸಿ ಗಟ್ಟಿಯಾಗಿ ಹೇಳಬೇಕು. ಇನ್ನೊಂದು ಒತ್ತು: ಪಸಾಂದೊದಲ್ಲಿ "ಸಾಂ" ಮೇಲೆ, ರಾಚಾದಲ್ಲಿ "ರಾ" ಮೇಲೆ ಬೀಳಬೇಕು, ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟರೆ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ. ಪದ ಪದ ಬಿಡಿಸಿ ಹೇಳುವುದನ್ನು ಬಿಟ್ಟೆ. "ಪೊರುನಾಮಾಲಾರ್ರಾಚಾ" ಅಂತ ಒಂದೇ ಉಸಿರಿಗೆ ಹೇಳಿದೆ, ಆಮೇಲೆ ಯಾರ ಕಷ್ಟ ಅನ್ನುವುದಕ್ಕೆ ತಕ್ಕಂತೆ ಕ್ರಿಯಾಪದ ಬದಲಿಸಿ ನೋಡಿದೆ: ಅವಳು ಆದರೆ "ಎಸ್ತಾ ಪಸಾಂದೊ", ನಾವು ಆದರೆ "ಎಸ್ತಾಮೊಸ್ ಪಸಾಂದೊ", ಮುಗಿದುಹೋದ ಕಷ್ಟಕ್ಕೆ "ಪಸೆ ಪೊರ್".

ಕಿವಿಗೆ ಅಭ್ಯಾಸ ಆಗಿದ್ದು ಫುಟ್‌ಬಾಲ್ ಸುದ್ದಿಯಿಂದ. ತಂಡ ಸಾಲಾಗಿ ಸೋತರೆ "ಮಾಲಾ ರಾಚಾ", ಗೆಲ್ಲುತ್ತಿದ್ದರೆ "ಬುಯೆನಾ ರಾಚಾ". ಹವಾಮಾನ ವರದಿಯಲ್ಲಿ ಬೀಸಿ ಬರುವ ಗಾಳಿಗೂ "ರಾಚಾಸ್ ದೆ ಬಿಯೆಂತೊ" ಅನ್ನುತ್ತಾರೆ. ಸುಮ್ನೆ ಕಂಠಪಾಠ ಮಾಡುವುದಕ್ಕಿಂತ ಹೀಗೆ ಬೇರೆ ಬೇರೆ ಕಡೆ ಕಿವಿಗೆ ಬಿದ್ದಿದ್ದೇ ಜಾಸ್ತಿ ಉಳಿಯಿತು.

ಇದಕ್ಕಿಂತ ರಂಗುರಂಗಾದ ಮಾತುಗಳೂ ಇವೆ. ನೀರು ಕುತ್ತಿಗೆವರೆಗೆ ಬಂದಿದೆ ಅನ್ನುವ "ಕೊನ್ ಎಲ್ ಆಗ್ವಾ ಅಲ್ ಕುಯೆಯೊ" ಸಾಲದಲ್ಲಿ ಮುಳುಗಿದವರ ಬಾಯಲ್ಲಿ ಬರುತ್ತದೆ. "ಪಸಾರ್ಲಾಸ್ ಕನೂತಾಸ್" ಸ್ಪೇನ್‌ನವರ ಆಡುಮಾತು, ತುಂಬಾ ಕಷ್ಟ ಪಡುವುದು ಅಂತ. ಕ್ರಿಸ್‌ಮಸ್ ಖರ್ಚು ಮುಗಿದು ಜನವರಿಯಲ್ಲಿ ಕೈ ಖಾಲಿಯಾದಾಗ "ಲಾ ಕುಯೆಸ್ತಾ ದೆ ಎನೆರೊ", ಅಂದರೆ ಜನವರಿಯ ಏರು. ಇವನ್ನೆಲ್ಲ ಕೇಳಿದಾಗ ಗೊತ್ತಾದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೊಸಬರು ಬಳಸಿದರೆ ಸ್ವಲ್ಪ ನಾಟಕೀಯ ಆಗುತ್ತದೆ.

ಎದುರಿನವರ ಉತ್ತರವನ್ನೂ ಜೊತೆಗೇ ಕಲಿಯಿರಿ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಜಾಸ್ತಿ ಬರುವುದು "ಆನಿಮೊ", ಧೈರ್ಯವಾಗಿರು ಅಂತ. "ಯಾ ಪಸಾರಾ" ಅಂದರೆ ಕಳೆದುಹೋಗುತ್ತದೆ ಬಿಡು. ಹಿರಿಯರಾದರೆ "ನೊ ಆಯ್ ಮಾಲ್ ಕೆ ಸಿಯೆನ್ ಆನ್ಯೊಸ್ ದುರೆ" ಅನ್ನುವ ಗಾದೆ ಹಾಕಬಹುದು, ನೂರು ವರ್ಷ ಇರುವ ಕಷ್ಟ ಇಲ್ಲ ಅಂತ. ಅದಕ್ಕೆ ನಾನು "ಗ್ರಾಸಿಯಾಸ್, ಆಯಿ ಬಾಮೊಸ್" ಅನ್ನುತ್ತೇನೆ, ಹೇಗೋ ನಡೀತಿದೆ ಅನ್ನುವ ಧಾಟಿಯಲ್ಲಿ. ಅಲ್ಲಿಂದ ಮಾತು ಬೇರೆ ಕಡೆ ಹೊರಳುತ್ತದೆ.